ಪಂಚಮಿಯ ಕೊನೆಯ ಆಟ

“ಖರೇನ ಇವತ್ತ ಕೇಳ್ತೀರೇನು?” ಉಂಡಿಯ ತಾಟು ಹಿಡಿದು ಬಾಗಿಲಲ್ಲಿ ಎದುರಾದ ಮಂದಾಕಿನಿ ಮೆಲ್ಲಗೆ ಕೇಳಿದಳು.

“ಕೊನೀ ಆಟ ಗೆದ್ದು ಕೇಳ್ತೇನಿ,” ಅಂದ ಬಾಳಕೃಷ್ಣ. ಅವನ ಕಣ್ಣು ಅವಳ ಜಡೆಯ ಕೇದಗೆಯ ಮೇಲಿತ್ತು.

“ಹಿಂಗ ನೋಡಬ್ಯಾಡ್ರಿ. ಅಪ್ಪಾ ಒಳಗಿದ್ದಾರ.”

“ಅವರ ಮಾರಿ ನೋಡೂಕಿಂತ ಮೊದಲ ಸ್ವಲ್ಪ ಧೈರ್ಯ ತಗೊಳ್ಳಿಕತ್ತೇನಿ.”

ಅವಳಿಗೆ ನಗು ಬರಲಿಲ್ಲ. ಮರುದಿನ ಬೆಳಗಾವಿಯಿಂದ ಅವಳನ್ನು ನೋಡಲು ಬರುವವರಿದ್ದರು. ಅಲ್ಲಿಯ ಹುಡುಗನನ್ನು ಅಪ್ಪ, ವಕೀಲ ವೆಂಕಣ್ಣನವರು, ಊಟಕ್ಕೆ ಕೂತಾಗಲೆಲ್ಲ ಹೊಗಳುತ್ತಿದ್ದರು. ಬಾಳಕೃಷ್ಣ ಅವರ ಜೂನಿಯರ್. ಎರಡು ವರ್ಷವಾದರೂ ಅವರ ಮುಂದೆ ನಿಂತು ಮಗಳನ್ನು ಕೇಳುವ ಎದೆಗಾರಿಕೆ ಬಂದಿರಲಿಲ್ಲ.

ಧಾರವಾಡದ ಆ ಮನೆಯಲ್ಲಿ ನಾಗರಪಂಚಮಿಗೊಂದು ರೂಢಿ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಮೂರೆಲೆಯ ಇಸ್ಪೀಟು. ಪಣಕ್ಕೆ ದುಡ್ಡಲ್ಲ, ಹುಣಸೆ ಬೀಜ. ಕೊನೆಯ ಆಟ ಗೆದ್ದವನು ಸೋತವನನ್ನು ಏನು ಬೇಕಾದರೂ ಕೇಳಬಹುದು, ಇಲ್ಲ ಅನ್ನುವಂತಿಲ್ಲ. ಹಿಂದಿನ ವರ್ಷ, 1933ರಲ್ಲಿ, ಅರಳೆ ವ್ಯಾಪಾರದ ಚನ್ನಯ್ಯ ವಕೀಲರ ಹೊಸ ಕೊಡೆಯನ್ನೇ ಕೇಳಿ ಒಯ್ದಿದ್ದರು.

ಈ ಸಲ ವೆಂಕಣ್ಣನವರು, ಚನ್ನಯ್ಯ ಇವರ ಜೊತೆ ಆಡಲು ಕೂತ ಬಾಳಕೃಷ್ಣ ಮೊದಲ ಮೂರು ಆಟದಲ್ಲಿ ಒಳ್ಳೆಯ ಎಲೆ ಬಂದರೂ ಬೇಕೆಂದೇ ಕೆಳಗಿಟ್ಟು ಸೋತ. ಅಂಜುಬುರುಕನೆಂದು ಚನ್ನಯ್ಯ ನಕ್ಕರು. ಕೊನೆಯ ಆಟದಲ್ಲಿ ಮಾತ್ರ ಎಲೆ ನೋಡಿದವನೇ ಹಿಡಿ ತುಂಬ ಬೀಜ ನಡುವೆ ಸುರಿದ.

“ಇಷ್ಟೊತ್ತು ಸುಮ್ನಿದ್ದಾಂವ ಈಗ ಸುರಿಯಾಕತ್ತಾನಂದ್ರ ದೊಡ್ಡ ಎಲಿನ ಅದಾವ್ರಿ ವಕೀಲರ,” ಎಂದು ಚನ್ನಯ್ಯ ತಮ್ಮ ಎಲೆ ಎಸೆದು ಆಟ ಬಿಟ್ಟರು.

ಉಂಡಿ ಕೊಡುವ ನೆಪದಲ್ಲಿ ಮಂದಾಕಿನಿ ಬಾಳಕೃಷ್ಣನ ಬೆನ್ನ ಹಿಂದೆ ಬಂದಳು. ಎರಡು, ಐದು, ಒಂಬತ್ತು. ಮೂರೂ ಬೇರೆ ಬೇರೆ ಜಾತಿಯ, ಯಾತಕ್ಕೂ ಬಾರದ ಎಲೆ. ಇವನು ಸೋತರೆ ನಾಳೆ ಬೆಳಗಾವಿಯವರ ಮುಂದೆ ತಲೆ ತಗ್ಗಿಸಿ ಕೂರಬೇಕು.

ಬಾಳಕೃಷ್ಣ ಉಳಿದ ಬೀಜವನ್ನೆಲ್ಲ ಮುಂದೆ ತಳ್ಳಿದ. ಅವನ ಬೆರಳು ಅಲುಗಲಿಲ್ಲ. ವೆಂಕಣ್ಣನವರು ಎಲೆ ಮಡಚಿ ಇನ್ನೇನು ಕೆಳಗಿಡುವವರಿದ್ದರು. “ಉಂಡಿ ತಾರವಾ,” ಎಂದು ಮುಖ ಎತ್ತಿದರು. ಮಗಳ ಮುಖದಲ್ಲಿ ರಕ್ತವಿರಲಿಲ್ಲ, ಕಣ್ಣು ಬಾಳಕೃಷ್ಣನ ಎಲೆಗೆ ಅಂಟಿತ್ತು.

ಸಾಕ್ಷಿದಾರರ ಮುಖ ಓದಿಯೇ ಕೂದಲು ಬೆಳ್ಳಗಾದವರು ಅವರು. ಮಡಚಿದ ಎಲೆಯನ್ನು ಮತ್ತೆ ಬಿಡಿಸಿದರು.

“ತೋರ್ಸು,” ಅಂದರು.

ಅವರಲ್ಲಿದ್ದದ್ದು ಬರೀ ನಾಲ್ಕರ ಜೋಡಿ. ಅಷ್ಟೇ ಸಾಕಾಯಿತು. ತನ್ನ ಅಂಜಿದ ಮುಖವೇ ಅವನನ್ನು ಸೋಲಿಸಿತೆಂದು ಮಂದಾಕಿನಿಗೆ ತಿಳಿಯಿತು.

“ಗೆದ್ದಾಂವ ನಾನು. ಕೇಳ್ತೇನಿ,” ಅಂದರು ವೆಂಕಣ್ಣನವರು. “ನೀ ಗೆದ್ದಿದ್ರ ನನಗ ಏನು ಕೇಳಾಂವಿದ್ದಿ?”

ಕಸದಂಥ ಎಲೆ ಹಿಡಿದು ಹುಲಿಯ ಹಾಗೆ ಕೂತಿದ್ದ ಬಾಳಕೃಷ್ಣ ಈಗ ಹುಣಸೆ ಬೀಜ ನೋಡುತ್ತ ಕೂತ. ಗಂಡಸರ ಧೈರ್ಯವೆಲ್ಲ ಇಸ್ಪೀಟಿನಲ್ಲೇ ಖರ್ಚಾಗುತ್ತದೋ ಏನೋ.

ಮಂದಾಕಿನಿ ತಾಟು ಕೆಳಗಿಟ್ಟಳು. ಅಪ್ಪನಿಗೆ ಎಂದೂ ಎದುರು ಮಾತಾಡಿದವಳಲ್ಲ.

“ನನ್ನ ಕೇಳಾವ್ರಿದ್ರು ಅಪ್ಪಾ,” ಅಂದಳು. “ಅವರು ಹೇಳದಿದ್ರ ನಾನ ಹೇಳ್ತೇನಿ. ನನಗ ಅವರ ಬೇಕು.”

ಚನ್ನಯ್ಯ ಉಂಡಿಯನ್ನು ಬಾಯಿಗೊಯ್ಯುವುದನ್ನು ಮರೆತರು. ವೆಂಕಣ್ಣನವರು ಎಲೆಗಳನ್ನೆಲ್ಲ ಒಟ್ಟುಗೂಡಿಸಿ ಪಕ್ಕಕ್ಕಿಟ್ಟರು.

“ಬಾಳಕೃಷ್ಣ, ತಂತಿ ಆಫೀಸು ಇವತ್ತ ತೆಗದಿರ್ತದೇನು?”

“ತೆಗದಿರ್ತದ್ರಿ.”

“ಬೆಳಗಾವಿಗೆ ತಂತಿ ಕಳಸು. ನಾಳಿ ಬರೂದು ಬ್ಯಾಡ, ಹುಡುಗಿ ಲಗ್ನ ಗೊತ್ತಾಗೇದ ಅಂತ.”

ಬಾಳಕೃಷ್ಣ ಎದ್ದ. ಗಾಬರಿಯಲ್ಲಿ ಅವನಿಗೆ ಏನೂ ತಿಳಿಯಲಿಲ್ಲ.

“ಯಾರ ಜೋಡಿ ಅಂತ ಬರೀಲ್ರಿ?”

ವೆಂಕಣ್ಣನವರು ಮಗಳ ಕಡೆ ತಿರುಗಿದರು.

“ಅದನ್ನೂ ನೀನ ಹೇಳಿಬಿಡವಾ,” ಅಂದರು.