ಡಿಕ್ಕಿಯೊಳಗಿನ ಸದ್ದು

ಮಗನನ್ನು ಕೊಂದವನು ತನ್ನ ಹೊಸ ಕಾರಿಗೆ ಸಬ್‌ವೂಫರ್ ಎಂಬ ದೊಡ್ಡ ಸ್ಪೀಕರ್ ಹಾಕಿಸಲು ಆ ತಂದೆಯ ಅಂಗಡಿಗೇ ಬಂದ.

ಕೊಂದವನು ಎಂದು ಬೇರೆ ಯಾರೂ ಅನ್ನುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅದು ಅಪಘಾತ. ಪಕ್ಕದೂರಿನಲ್ಲಿ ಹಾಡಿನ ಕಾರ್ಯಕ್ರಮ ಮುಗಿಸಿ ಗೆಳೆಯರಿಬ್ಬರೂ ಮರಳುವಾಗ ಸ್ಟೀರಿಂಗ್ ಹಿಡಿದಿದ್ದ ಹುಡುಗನಿಗೆ ಜೋಂಪು ಹತ್ತಿತ್ತು. ಕಾರು ನಿಂತ ಲಾರಿಯ ಹಿಂಬದಿಗೆ ನುಗ್ಗಿತ್ತು. ಪಕ್ಕದಲ್ಲಿ ಕೂತಿದ್ದ ಮಗ ಹೋದ. ಓಡಿಸುತ್ತಿದ್ದವನು ಹುಬ್ಬಿನ ಮೇಲೊಂದು ಗಾಯದ ಗುರುತು ಹೊತ್ತು ಎದ್ದುಬಂದ. ವರ್ಷ ತುಂಬುವುದರೊಳಗೆ ಇನ್ನೊಂದು ಕಾರು.

"ನಮಸ್ತೆ ಅಂಕಲ್," ಎಂದ ಹುಡುಗ, ಕಣ್ಣಿಗೆ ಕಣ್ಣು ಕೊಡದೆ. "ತಗ್ಗಿನ ಸದ್ದು ಚೆನ್ನಾಗಿ ಬರ್ಬೇಕು. ನಿಮ್ಮಷ್ಟು ನೀಟಾಗಿ ಬೇರೆ ಯಾರೂ ಹಾಕಲ್ಲ."

ನನ್ನ ಮಗ ಮಣ್ಣಲ್ಲಿ, ಇವನಿಗೆ ಮೋಜು, ಎಂದುಕೊಂಡ ತಂದೆ. ಆದರೆ ಬಾಯಿಂದ ಬಂದದ್ದು ಅಂಗಡಿಯ ಮಾತು: "ಕಾರು ಬಿಟ್ಟು ಹೋಗು. ನಾಳಿದ್ದು ಬಾ."

ಹುಡುಗ ಇನ್ನೇನೋ ಹೇಳಲು ಬಾಯಿ ತೆರೆದ. ಆತ ಡ್ರಿಲ್ ಮೆಷಿನ್ ಚಾಲೂ ಮಾಡಿದ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂಥ ಕೋಲು ಆತನ ಕಸುಬಿನೊಳಗೇ ಇತ್ತು. ಗಿರಾಕಿಗಳಿಗೆ ಆತ ಹೇಳುತ್ತ ಬಂದದ್ದು ಒಂದೇ ಮಾತು: ಆಂಪ್ಲಿಫೈಯರ್‌ಗೂ ಸಬ್‌ವೂಫರ್‌ಗೂ ಜೋಡಿ ಕೂಡಿಬರಬೇಕು. ಸ್ಪೀಕರ್ ತಾಳುವಷ್ಟು ವ್ಯಾಟ್ ಅನ್ನು ಆಂಪ್ಲಿಫೈಯರ್ ಏದುಸಿರಿಲ್ಲದೆ ಕೊಡಬೇಕು. ಆಂಪ್ಲಿಫೈಯರ್ ಹೊರಬಲ್ಲಷ್ಟೇ ಹೊರೆಯನ್ನು ಸ್ಪೀಕರ್ ಹೊರಿಸಬೇಕು. "ಗಂಡ ಹೆಂಡ್ತಿ ಇದ್ದ ಹಾಗೆ ಸ್ವಾಮಿ, ಒಬ್ಬರ ತೂಕ ಇನ್ನೊಬ್ಬರಿಗೆ ಗೊತ್ತಿರ್ಬೇಕು," ಎಂದು ನಗಿಸುತ್ತಿದ್ದ.

ಈಗ ಆ ಪಾಠವನ್ನೇ ತಲೆಕೆಳಗು ಮಾಡಿದ. ಭಾರೀ ಸಬ್‌ವೂಫರ್ ಒಂದನ್ನು ಡಿಕ್ಕಿಯಲ್ಲಿ ಕೂರಿಸಿ, ಅದಕ್ಕೆ ಯಾತಕ್ಕೂ ಸಾಲದ ಆಂಪ್ಲಿಫೈಯರ್ ಕೊಟ್ಟ. ತಡೆ ನಾಲ್ಕು ಓಮ್‌ಗಿಂತ ಕೆಳಗಿಳಿದರೆ ತಾಳದ ಯಂತ್ರ ಅದು. ಸ್ಪೀಕರಿನ ಎರಡು ಸುರುಳಿಗಳನ್ನು ಒಂದು ಓಮ್‌ಗೆ ಇಳಿಯುವಂತೆ ಜೋಡಿಸಿದ. ಇನ್ನು ಆಂಪ್ಲಿಫೈಯರ್ ಮೈಮೀರಿ ಕರೆಂಟ್ ಎಳೆಯುತ್ತದೆ, ಕಾದು ಸುಡುತ್ತದೆ. ಬಿಸಿ ಏರಿದರೆ ಅದನ್ನು ತಾನಾಗಿ ಆರಿಸುವ ಕಾವಲನ್ನು ಒಳಗೇ ಕಿತ್ತುಹಾಕಿದ. ವೈರ್ ಸಣ್ಣದು, ಫ್ಯೂಸ್ ಹಾರಿಹೋಗದಷ್ಟು ದೊಡ್ಡದು. ಆಂಪ್ಲಿಫೈಯರ್ ಹೋದದ್ದು ಡ್ರೈವರ್ ಸೀಟಿನ ಕೆಳಗೆ, ಸ್ಪಂಜಿಗೆ ಒತ್ತಿಕೊಂಡು. ಸದ್ದು ಕಡಿಮೆ ಇಟ್ಟರೆ ಏನೂ ಆಗದು. ಪೂರ್ತಿ ಇಟ್ಟರೆ ಕೆಲವು ಹಾಡು ಮುಗಿಯುವುದರೊಳಗೆ ಸ್ಪಂಜು ಹೊಗೆ ಕಾರುತ್ತದೆ. ಆ ಹೊಗೆ ಮನುಷ್ಯನಿಗೆ ಬಾಗಿಲು ಹುಡುಕಲು ಬಿಡುವುದಿಲ್ಲ.

ಬೆಂಕಿ ತಾನು ತಿಂದದ್ದನ್ನು ಯಾರಿಗೂ ಹೇಳುವುದಿಲ್ಲ. ಕಾರು ಒಪ್ಪಿಸುವಾಗ ನಾಲ್ಕು ಜನ ಗಿರಾಕಿಗಳ ಎದುರೇ ಗಟ್ಟಿಯಾಗಿ ಅಂದ: "ಫುಲ್ ಇಡಬೇಡಪ್ಪಾ, ಈಗ್ಲೇ ಹೇಳಿದೀನಿ." ಬೇಡ ಎಂದದ್ದನ್ನೇ ಮಾಡುವ ವಯಸ್ಸು. ನಾಳೆ ಆ ನಾಲ್ವರೇ ಸಾಕ್ಷಿ.

ಹುಡುಗ ಕೈಮುಗಿದು ಹೋದ.

ಹೆಂಡತಿಗೆ ಆತ ಇದೊಂದನ್ನೂ ಹೇಳಲಿಲ್ಲ. ಅವಳು ಈಗಲೂ ಮಗನ ಮೊಬೈಲನ್ನು ದಿನಾ ಚಾರ್ಜಿಗೆ ಹಾಕುತ್ತಿದ್ದಳು, ಅದಕ್ಕೆ ಕರೆ ಬರುವುದು ನಿಂತು ಎಷ್ಟೋ ಕಾಲವಾಗಿದ್ದರೂ. ಒಮ್ಮೆ ಮಾತ್ರ ಬಡಿಸುತ್ತ, "ಆ ಹುಡುಗನ ಮೇಲೆ ಸಿಟ್ಟು ಸಾಕು ರೀ. ಅವನೂ ದಿನಾ ಸಾಯ್ತಿದಾನೆ," ಅಂದಿದ್ದಳು. "ದಿನಾ ಸಾಯೋನಿಗೆ ಹೊಸ ಕಾರು ಯಾಕೆ?" ಎಂದು ಆತ ತಟ್ಟೆ ಸರಿಸಿ ಎದ್ದಿದ್ದ. ಆಮೇಲೆ ಆ ಮನೆಯಲ್ಲಿ ಆ ಮಾತು ಬರಲಿಲ್ಲ.

ಭಾನುವಾರ ಸಂಜೆ ಆತ ಅಂಗಡಿಯಲ್ಲಿ ಸುದ್ದಿಗೆ ಕಾಯುತ್ತಿದ್ದ. ಬಂದದ್ದು ಹುಡುಗನೇ, ನಡೆದುಕೊಂಡು. ಮೊದಲ ಬಾರಿಗೆ ಅವನ ಮುಖದಲ್ಲಿ ಏನೋ ಗೆಲುವು.

"ಕಾರೆಲ್ಲಿ?"

"ನಿಮ್ಮನೆ ಮುಂದೇ ಇದೆ ಅಂಕಲ್. ಆಂಟಿ ಒಳಗೆ ಕೂತಿದಾರೆ. ಗ್ಲಾಸ್ ಏರಿಸ್ಕೊಂಡು, ಫುಲ್ ಇಟ್ಕೊಂಡು ಕೇಳ್ತಿದಾರೆ. ನಾನೊಬ್ಬಳೇ ಇರ್ತೀನಿ, ನೀನ್ಹೋಗಿ ಅವರನ್ನೂ ಕರ್ಕೊಂಡು ಬಾ ಅಂದ್ರು."

ಆತ ಹೆಂಡತಿಗೆ ಫೋನ್ ಮಾಡಿದ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಆ ಸದ್ದಿನ ನಡುವೆ ಅವಳಿಗೆ ಹೇಗೆ ಕೇಳಿಸೀತು? ಅಂಗಡಿಯನ್ನು ತೆರೆದಂತೆಯೇ ಬಿಟ್ಟು ಓಡಿದ. ಒಂದು ಕಾಲಿನ ಚಪ್ಪಲಿ ರಸ್ತೆಯಲ್ಲೇ ಉಳಿಯಿತು.

ಏನೂ ತಿಳಿಯದ ಹುಡುಗ ಪಕ್ಕದಲ್ಲೇ ಓಡುತ್ತ, ಏದುಸಿರು ಬಿಡುತ್ತ ಹೇಳುತ್ತಿದ್ದ: "ನಾವು ಕೊನೇ ಸಲ ನುಡಿಸಿದ್ದು ರೆಕಾರ್ಡ್ ಆಗಿತ್ತು ಅಂಕಲ್. ಮೊಬೈಲಲ್ಲಿ ಹಾಕಿದ್ರೆ ನನ್ನ ಹಾಡೊಂದೇ ಕೇಳ್ತಿತ್ತು. ಇದ್ರಲ್ಲಿ ನನ್ನ ಮಗ ಎಲ್ಲಿ, ನನ್ನ ಮಗ ಎಲ್ಲಿ ಅಂತ ಆಂಟಿ ಎಷ್ಟು ಸಲ ಕೇಳಿದ್ರು ಗೊತ್ತಾ? ಅವನದು ಬೇಸ್ ಗಿಟಾರ್ ಅಲ್ವಾ ಅಂಕಲ್, ಬರೀ ತಗ್ಗಿನ ಸದ್ದು, ಸಬ್‌ವೂಫರ್ ಇಲ್ದೆ ಅದು ಕೇಳಿಸೋದೇ ಇಲ್ಲ. ಅದಕ್ಕೇ ಹಾಕ್ಸಿದ್ದು." ಬೀದಿ ತಿರುಗಿದಾಗ ಕಾರು ಕಂಡಿತು. ಅದರ ಗಾಜುಗಳು ಒಳಗಿನ ಹೊಗೆಯಿಂದ ಬೆಳ್ಳಗಾಗಿದ್ದವು. ತಗ್ಗಿನ ಆ ಸದ್ದು ಮಾತ್ರ ಇನ್ನೂ ನಿಂತಿರಲಿಲ್ಲ. ಆತನ ಬರಿಯ ಅಂಗಾಲಿಗೆ ನೆಲದಿಂದ ಏರಿ ಬರುತ್ತಿತ್ತು. ಮಗ ನುಡಿಸುವುದನ್ನು ಆತ ಕೇಳಿದ್ದು ಅದೇ ಮೊದಲು.