ಒಂಬತ್ತು ಕನ್ನಡಕ

ಎರಡನೇ ಹಾರ್ನ್ ಊದುವವನ ಸ್ವರದ ಹಾಳೆಗಳಲ್ಲಿ ಒಂಬತ್ತು ಕನ್ನಡಕಗಳಿದ್ದವು.

ಎರಡು ಸೊನ್ನೆ, ನಡುವೆ ಒಂದು ಗೀಟು. ಆರ್ಕೆಸ್ಟ್ರಾದವರೆಲ್ಲ ಪೆನ್ಸಿಲ್‌ನಲ್ಲಿ ಹೀಗೆ ಗೀಚಿಕೊಳ್ಳುತ್ತಾರೆ. ಇಲ್ಲಿ ತಲೆಯೆತ್ತು, ಕೋಲು ಹಿಡಿದ ನಿರ್ದೇಶಕರನ್ನು ನೋಡು ಎಂದು ಅದರ ಅರ್ಥ. ಲಂಡನ್ನಿನಿಂದ ಬಾಡಿಗೆಗೆ ತರಿಸಿದ ಹಾಳೆಗಳನ್ನು ವಾಪಸು ಕಳಿಸುವ ಮುಂಚೆ ಈ ಗುರುತುಗಳನ್ನೆಲ್ಲ ಅಳಿಸುವುದು ಮೇವಿಸ್ ಹಾರ್ಕರ್‌ಳ ಕೆಲಸ. ಅವಳು ಸ್ಕೆಲ್ಬಿ ಆರ್ಕೆಸ್ಟ್ರಾದ ಗ್ರಂಥಪಾಲಕಿ. ಐದು ವರ್ಷದಲ್ಲಿ ಎಷ್ಟು ಕನ್ನಡಕ ಅಳಿಸಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಈ ಸೋಮವಾರ ಮಾತ್ರ ರಬ್ಬರು ನಿಂತಿತು. ಕನ್ನಡಕವಿದ್ದದ್ದು ಹಾರ್ನ್ ಸುಮ್ಮನಿರುವ ಜಾಗದಲ್ಲಿ. ಅಲ್ಲಿ ನಲವತ್ತೊಂದು ಆವರ್ತ ಬಿಡುವು. ಊದುವವನು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಎಣಿಸುತ್ತ ಕೂತರೆ ಸಾಕು. ಉಳಿದ ಎಂಟೂ ಹಾಗೆಯೇ, ಬಿಡುವುಗಳ ಮೇಲೆ.

ಹಾಗಾದರೆ ಆ ಹಾರ್ನ್ ಊದುವ ವಿಲ್ಫ್ ಓಲ್‌ರಾಯ್ಡ್ ತಲೆಯೆತ್ತಿ ಯಾರನ್ನು ನೋಡುತ್ತಾನೆ?

ಸಭಾಂಗಣ ಕಡಲ ದಂಡೆಯ ಮೇಲೇ ಇತ್ತು. ಅಲೆಗಳ ಬೆಳಕು ಗ್ರಂಥಾಲಯದ ಚಾವಣಿಯ ಮೇಲೆ ತೂಗಾಡುತ್ತಿತ್ತು. ಶನಿವಾರದ ಸಂಗೀತ ಕಚೇರಿ ಮುಗಿದ ಮೇಲೆ ಎಲ್ಲರೂ ಹಾಳೆಗಳನ್ನು ಸ್ಟ್ಯಾಂಡಿನಲ್ಲೇ ಬಿಟ್ಟು ಹೋಗುತ್ತಾರೆ. ವಿಲ್ಫ್ ಒಬ್ಬನೇ ತಂದು ಅವಳ ಕೈಗೆ ಕೊಡುತ್ತಾನೆ. "ಜಾಸ್ತಿ ಏನೂ ಗೀಚಿಲ್ಲ, ಮಿಸ್ ಹಾರ್ಕರ್" ಎನ್ನುವಾಗ ಅವನ ಎಡಹುಬ್ಬು ಮಾತ್ರ ಮೇಲೇರುತ್ತದೆ. ಆ ಹುಬ್ಬನ್ನು ಅವಳು ಐದು ವರ್ಷದಿಂದ ಪ್ರತಿ ಶನಿವಾರ ಮನೆಗೆ ಒಯ್ದಿದ್ದಾಳೆ. ಇಸ್ತ್ರಿ ಮಾಡುವಾಗ, ಟೀ ಸೋಸುವಾಗ, ಅದು ಬಂದು ಏರಿ ನಿಲ್ಲುತ್ತದೆ. ಯಾರಿಗೂ ಹೇಳಿಲ್ಲ. ಹೇಳಲು ಏನಿದೆ, ಒಂದು ಹುಬ್ಬು.

ಅವಳು ಮನಸ್ಸಿನಲ್ಲೇ ವೇದಿಕೆಯನ್ನು ಹಾಸಿದಳು. ಹಾರ್ನ್‌ನ ಕುರ್ಚಿಯಿಂದ ನೇರ ಎದುರಿಗೆ, ಪಕ್ಕದ ಬಾಗಿಲಿನ ಮುಂದೆ, ಆಳೆತ್ತರದ ತಂತಿವಾದ್ಯ ಹಾರ್ಪ್ ನುಡಿಸುವ ರೋವೆನಾ ಪೆನ್ರೋಸ್ ಕೂರುತ್ತಾಳೆ. ಉದ್ದನೆಯ ಕತ್ತು, ಜೇನಿನ ಬಣ್ಣದ ಕೂದಲು. ಹೋದ ಚಳಿಗಾಲ ಟೀ ಕುಡಿಯುವಾಗ ವಿಲ್ಫ್ ಎಲ್ಲರೆದುರು ಹೇಳಿದ್ದ: "ಆ ಹಾರ್ಪ್ ಬಂತು ಅಂದ್ರೆ ನಂಗೆ ಬೇರೇನೂ ಕಾಣ್ಸಲ್ಲಪ್ಪ."

ಅಲ್ಲಿಗೆ ಮುಗಿಯಿತು. ಮೇವಿಸ್ ರಬ್ಬರು ಎತ್ತಿಕೊಂಡಳು. ಮೊದಲ ಕನ್ನಡಕ ಅಳಿಸುವಾಗ ಕಾಗದವೇ ಹರಿಯುವುದರಲ್ಲಿತ್ತು.

"ಕಾಗದದ ಮೇಲೆ ಏನ್ ಸಿಟ್ಟು ತಾಯಿ?" ಎನ್ನುತ್ತ ಮಿಸ್ಟರ್ ಹೆಬ್ಡನ್ ಎರಡು ಲೋಟ ಟೀ ಹಿಡಿದು ಬಂದರು. ನಲವತ್ತು ವರ್ಷ ಡಬಲ್ ಬಾಸ್ ನುಡಿಸಿ ನಿವೃತ್ತರಾದವರು. ಆರ್ಕೆಸ್ಟ್ರಾಕ್ಕೆ ಅರವತ್ತು ತುಂಬುತ್ತಿತ್ತು. ಇವರು ಹೇಳಿದ್ದನ್ನು ಮೇವಿಸ್ ಬರೆದುಕೊಂಡು ಒಂದು ಚರಿತ್ರೆಯ ಪುಸ್ತಿಕೆ ಮಾಡಿದ್ದಳು. ಅದು ಇವತ್ತೇ ಅಚ್ಚಿಗೆ ಹೋಗಬೇಕಿತ್ತು.

"ನೀವು ನಿನ್ನೆ ಹೇಳಿದ್ದು ಸೇರಿಸಿದೀನಿ," ಎಂದಳು. "ಯುದ್ಧದಲ್ಲಿ ಗಂಡಸರು ಹೋದ್ರು, ಹೆಂಗಸರು ಬಂದು ಕೂತ್ರು."

"ಗಂಡಸರು ವಾಪಸ್ ಬಂದ್ರು, ಹೆಂಗಸರು ಏಳ್ಲೇ ಇಲ್ಲ. ಅದನ್ನೂ ಹಾಕು. ಸದ್ಯ, ಏಳ್ಲಿಲ್ಲ. ಅವರು ಎದ್ದಿದ್ರೆ ಪಿಟೀಲೆಲ್ಲ ಬೆಕ್ಕಿನ ಸಂಸಾರ ಆಗ್ತಿತ್ತು." ಅವರು ಕೊನೆಯ ಪುಟ ತಿರುವಿದರು. ಅಲ್ಲಿ ಮೊದಲಿನಿಂದ ನುಡಿಸಿದ ಎಲ್ಲರ ಹೆಸರು, ಬಂದ ಇಸವಿ, ಹೋದ ಇಸವಿ ಇದ್ದವು. "ಓಲ್‌ರಾಯ್ಡ್ ಮುಂದೆ ಖಾಲಿ ಬಿಟ್ಟಿದೀಯಲ್ಲ. ಹೋದ ಇಸವಿ ಐವತ್ನಾಲ್ಕು ಅಂತ ಹಾಕ್ಬಿಡು. ಲಂಡನ್ನಿನ ದೊಡ್ಡ ಆರ್ಕೆಸ್ಟ್ರಾದಿಂದ ಕರೆ ಬಂದಿದೆ. ಇವತ್ತು ನಾಲ್ಕು ಗಂಟೆ ಟಪಾಲಿಗೆ ಉತ್ತರ ಹಾಕ್ಬೇಕಂತೆ."

ಮೇವಿಸ್ ಟೀ ಕುಡಿದಳು. ಸಕ್ಕರೆ ಹಾಕಿದ್ದರೋ ಇಲ್ಲವೋ ತಿಳಿಯಲಿಲ್ಲ.

ಹನ್ನೊಂದಕ್ಕೆ ವಿಲ್ಫ್ ಬಾಗಿಲಲ್ಲಿ ನಿಂತ. ಕೂದಲೆಲ್ಲ ಕಡಲ ಗಾಳಿ.

"ನನ್ನ ಹಾಳೆ ಅಳಿಸಿ ಆಯ್ತಾ, ಮಿಸ್ ಹಾರ್ಕರ್?"

"ಒಂದಾಯ್ತು. ಎಂಟಿದೆ."

"ಎಣಿಸಿದ್ರಾ?" ಹುಬ್ಬು ಏರಿತು. "ಇಷ್ಟು ದಿನ ಎಣಿಸಿರ್ಲಿಲ್ಲ ನೀವು."

"ಲಂಡನ್‌ಗೆ ಹೋಗ್ತೀರಂತೆ."

"ಇನ್ನೂ ಬರೆದಿಲ್ಲ. ಯಾರಾದ್ರೂ ಬೇಡ ಅಂದ್ರೆ ಬರೆಯೋದೂ ಇಲ್ಲ." ಅವನು ಮೇಜಿನ ಮೇಲಿದ್ದ ಪೆನ್ಸಿಲನ್ನು ಉರುಳಿಸಿದ, ಅದು ಅವಳ ಬೆರಳಿಗೆ ಬಂದು ತಾಗಿತು. "ಯಾರೂ ಅನ್ನಲ್ವಾ?"

"ಮಿಸ್ ಪೆನ್ರೋಸ್‌ನ ಕೇಳಿ."

"ರೋವೆನಾನಾ? ಅವಳನ್ನ ಯಾಕೆ ಕೇಳ್ಬೇಕು?"

"ಅದು ನಿಮಗೇ ಗೊತ್ತು. ನನಗೆ ಕೆಲಸ ಇದೆ, ಮಿಸ್ಟರ್ ಓಲ್‌ರಾಯ್ಡ್."

ಹುಬ್ಬು ನಿಧಾನವಾಗಿ ಇಳಿಯಿತು. ಅದು ಇಳಿಯುವುದನ್ನು ಅವಳು ನೋಡಿದ್ದು ಅದೇ ಮೊದಲು. ಅವನು ಟೋಪಿ ಹಾಕಿಕೊಂಡು ಹೊರಟುಹೋದ.

ಮೂರು ಗಂಟೆಗೆ ಅವಳು ಕಟ್ಟು ಕಟ್ಟಲು ಕೂತಳು. ಅಳಿಸದೆ ಉಳಿದದ್ದು ಎರಡನೇ ಹಾರ್ನ್ ಒಂದೇ. ಅದನ್ನು ಪಕ್ಕಕ್ಕಿಟ್ಟು, ಲಂಡನ್ನಿನವರ ಪಟ್ಟಿ ಹಿಡಿದು ಒಂದೊಂದೇ ಹಾಳೆಗೆ ಗುರುತು ಹಾಕಿದಳು. ಕೊಳಲು ಎರಡು. ಕ್ಲಾರಿನೆಟ್ ಎರಡು. ಹಾರ್ನ್ ಎರಡು. ಡ್ರಮ್ಮು. ಪಿಟೀಲು, ಸೆಲ್ಲೊ, ಬಾಸ್. ಹಾರ್ಪ್‌ನ ಹಾಳೆ ಕಾಣಲಿಲ್ಲ. ಮೇಜಿನ ಕೆಳಗೆ ಹುಡುಕಿದಳು. ಮತ್ತೆ ಪಟ್ಟಿ ನೋಡಿದಳು.

ಪಟ್ಟಿಯಲ್ಲೇ ಇರಲಿಲ್ಲ. ಈ ಹಾಳೆಗಳ ಸಿಂಫನಿಯಲ್ಲಿ ಹಾರ್ಪ್ ಇಲ್ಲ.

ಶನಿವಾರ ರೋವೆನಾ ಬಂದೇ ಇರಲಿಲ್ಲ. ಹಾರ್ಪ್ ಮುಸುಕು ಹೊದ್ದು ವೇದಿಕೆಯ ಹೊರಗಿನ ಕಾರಿಡಾರಿನಲ್ಲಿ ನಿಂತಿತ್ತು. ಅದರ ಪಕ್ಕ ಮೈ ಓರೆ ಮಾಡಿ ನುಸುಳಿ, ಎಂದಿನಂತೆ ಪಕ್ಕದ ಬಾಗಿಲನ್ನು ಒಂದು ಗೇಣು ತೆಗೆದು, ಹಿಂದೆ ನಿಂತು ಸಂಗೀತ ಕೇಳಿದವಳು ಮೇವಿಸ್. ಅಲ್ಲಿ ತಾನು ಯಾರಿಗೂ ಕಾಣುವುದಿಲ್ಲ ಎಂದು ಅವಳು ಐದು ವರ್ಷದಿಂದ ನಂಬಿದ್ದಳು.

ಹೊರಗೆ ಓಡುವಾಗ ಕೋಟು ಮರೆತಳು. ಹಾಳೆಗಳನ್ನು ಮಾತ್ರ ಮರೆಯಲಿಲ್ಲ.

ಕಡಲ ದಂಡೆಯ ಬೆಂಚಿನಲ್ಲಿ ವಿಲ್ಫ್ ಮೊಣಕಾಲ ಮೇಲೆ ಖಾಲಿ ಕಾಗದ ಇಟ್ಟುಕೊಂಡು ಕೂತಿದ್ದ. ಟಪಾಲು ಡಬ್ಬಿ ಹತ್ತು ಹೆಜ್ಜೆ ದೂರದಲ್ಲಿತ್ತು. ಸಂಜೆಯ ಮಂಜಿನಲ್ಲಿ ಕಡಲು, ಆಕಾಶ ಎರಡೂ ಒಂದೇ ಬಟ್ಟೆಯಂತೆ ತೂಗಾಡುತ್ತಿದ್ದವು.

ಅವಳು ಹಾಳೆಯನ್ನು ಅವನ ಮುಂದೆ ಚಾಚಿದಳು. "ಇದು ಯಾರನ್ನ ನೋಡೋಕೆ?"

ಅವನು ಕನ್ನಡಕವೊಂದರ ಮೇಲೆ ಬೆರಳಾಡಿಸಿದ. ಆಮೇಲೆ, "ಬಾಗಿಲು ಒಂದೇ ಗೇಣು ತೆಗೀತೀರ," ಎಂದ. "ನಂಗೆ ಕಾಣೋದು ಒಂದು ಕಣ್ಣು, ಅರ್ಧ ಮೂಗು. ಹಾರ್ಪ್ ಇಟ್ಟ ದಿನ ಅದೂ ಇಲ್ಲ."

"ಹಾರ್ಪ್ ಬಂದ್ರೆ ಬೇರೇನೂ ಕಾಣ್ಸಲ್ಲ ಅಂದಿದ್ದು..."

"ದೂರು ಅದು. ನೀವು ಹೊಗಳಿಕೆ ಅಂದ್ಕೊಂಡ್ರಾ?"

ಅವಳು ಬೆಂಚಿನ ಮೇಲೆ ಕೂತಳು. "ತಲೆ ಎತ್ತೋಕೆ ಗುರುತು ಯಾಕೆ? ಮರ್ತುಹೋಗ್ತಿತ್ತಾ?"

"ಮರೆಯೋ ಮಾತೇ ಇಲ್ಲ. ಅಳಿಸೋರು ನೀವೇ ಅಂತ ಗೊತ್ತಿತ್ತಲ್ಲ. ಅಳಿಸೋ ಮೊದ್ಲು ನೋಡ್ತೀರ ಅಂತ ಬರೆದೆ. ಐದು ವರ್ಷ ನನ್ನ ಕಾಗದಗಳನ್ನೆಲ್ಲ ರಬ್ಬರಲ್ಲೇ ಓದಿದ್ರಿ."

ಅವಳಿಗೆ ನಗು ಬಂತು. ಅದರ ಹಿಂದೆಯೇ ಕಣ್ಣು ತುಂಬಿತು. ಅವನು ಕೋಟು ಬಿಚ್ಚಿ ಅವಳ ಹೆಗಲಿಗೆ ಹಾಕಿದ. ಅದರ ಒಳಗೆ ಹಿತ್ತಾಳೆ ಉಜ್ಜುವ ಎಣ್ಣೆಯ ವಾಸನೆಯಿತ್ತು.

"ನನಗೋಸ್ಕರ ಇರಿ ಅಂತ ನಾನು ಹೇಳಲ್ಲ," ಎಂದಳು. "ಇದ್ದು, ಹತ್ತು ವರ್ಷ ಆದ್ಮೇಲೆ ಗೊಣಗಿದ್ರೆ ನನ್ನ ಕೈಲಿ ಕೇಳೋಕಾಗಲ್ಲ."

"ಅಲ್ಲೂ ಎರಡನೇ ಹಾರ್ನೇ. ಅಲ್ಲೂ ಕೂತು ಬಿಡುವು ಎಣಿಸೋದೇ." ಅವನು ಅವಳ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ಮೆಲ್ಲಗೆ ಎಳೆದುಕೊಂಡ. ಬೆರಳು ಅಲ್ಲೇ, ಕೂದಲ ಬಳಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಳಿಯಿತು. "ಆದ್ರೆ ಎದುರಿಗೆ ಬಾಗಿಲಲ್ಲಿ ನೀನಿರಲ್ವಲ್ಲ, ಮೇವಿಸ್."

ಅವನು ಹಾಗೆ ಕರೆದದ್ದು ಅದೇ ಮೊದಲು. ಅವಳು ಕಡಲನ್ನು ನೋಡುತ್ತ ಹೇಳಿದಳು: "ಪೆನ್ಸಿಲ್‌ನಲ್ಲಿ ಬರೀಬೇಡ. ಲಂಡನ್‌ಗೆ ಬರಲ್ಲ ಅನ್ನೋದನ್ನ ಶಾಯಿಲೇ ಬರಿ. ಪೆನ್ಸಿಲ್ ಆದ್ರೆ ಯಾರಾದ್ರೂ ಅಳಿಸಿಬಿಡ್ತಾರೆ."

ನಾಲ್ಕರ ಟಪಾಲಿಗೆ ಆ ಕಾಗದ ಹೋಯಿತು. ಹಾಳೆಗಳ ಕಟ್ಟು ಐದರ ರೈಲಿಗೆ ಹೋಯಿತು. ಅಚ್ಚಿಗೆ ಒಯ್ಯಲು ಬಂದ ಮಿಸ್ಟರ್ ಹೆಬ್ಡನ್ ಕೊನೆಯ ಪುಟ ನೋಡಿ, "ಓಲ್‌ರಾಯ್ಡ್ ಮುಂದೆ ಇನ್ನೂ ಖಾಲಿ ಇದೆಯಲ್ಲ?" ಎಂದರು.

"ಅಲ್ಲಿ ಬಿಡುವು, ಮಿಸ್ಟರ್ ಹೆಬ್ಡನ್. ಉದ್ದ ಇದೆ."

ಮುದುಕರು ಅವಳ ಹೆಗಲ ಮೇಲಿದ್ದ ಗಂಡಸಿನ ಕೋಟನ್ನು ಒಮ್ಮೆ ನೋಡಿ, ಪುಸ್ತಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಶಿಳ್ಳೆ ಹಾಕುತ್ತ ಹೋದರು.

ರೈಲಿಗೆ ಹೋದ ಕಟ್ಟಿನಲ್ಲಿ, ಎರಡನೇ ಹಾರ್ನ್‌ನ ಹಾಳೆಗಳಿಂದ ಎಂಟು ಕನ್ನಡಕಗಳನ್ನು ಮೇವಿಸ್ ನಿಯಮದಂತೆ ಅಳಿಸಿದ್ದಳು. ನಲವತ್ತೊಂದು ಆವರ್ತದ ಬಿಡುವಿನ ಮೇಲೆ, ರಬ್ಬರು ತಾಗಿ ತೆಳುವಾದ ಜಾಗದಲ್ಲಿ, ಒಂದನ್ನು ತಾನೇ ಹೊಸದಾಗಿ ಬರೆದಿಟ್ಟಿದ್ದಳು. ಮುಂದೆ ಯಾವುದೋ ಊರಿನಲ್ಲಿ, ಯಾವನೋ ಅದನ್ನು ಕಂಡು, ಯಾಕೆಂದು ತಿಳಿಯದೆ, ಒಮ್ಮೆ ತಲೆಯೆತ್ತಲಿ ಎಂದು.