ನಿಂಬವ್ವನ ಸಕ್ಕರೆ ಗೊಂಬೆ

ಬಹಳ ಹಿಂದೆ, ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊಂಗಲ ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರ ಬೊಮ್ಮರಸನನ್ನು ಎತ್ತಿ ಆಡಿಸಿ ಬೆಳೆಸಿದವಳು ದಾದಿ ನಿಂಬವ್ವ. ಸಂಕ್ರಾಂತಿಗೆ ಸಕ್ಕರೆ ಗೊಂಬೆ ಎರೆಯುವುದರಲ್ಲಿ ಅವಳದು ಎತ್ತಿದ ಕೈ. ಬೊಮ್ಮರಸನೋ, ಮೀಸೆ ಚಿಗುರಿದ್ದರೂ, ಗೊಂಬೆ ಸಿಕ್ಕಿದ್ದೇ ತಡ ತಲೆಯನ್ನೇ ಮೊದಲು ಕಡಿಯುತ್ತಿದ್ದ.

"ತಲಿ ಕಡೀಬ್ಯಾಡೋ ನನ್ನಪ್ಪಾ, ಕಾಲಿನಿಂದ ತಿನ್ನು," ಎಂದು ಅವಳು ಗದರುತ್ತಿದ್ದಳು. ಅವನು ಕೇಳಿದರೆ ತಾನೆ!

ಮಬ್ಬುಗ ಎಂಬ ಮಾಂತ್ರಿಕನಿಗೆ ಆ ರಾಜ್ಯದ ಮೇಲೆ ಕಣ್ಣು. ಬೊಮ್ಮರಸನ ಮಿದುಳು ಕೆಟ್ಟರೆ ಸಿಂಹಾಸನ ತನ್ನದು ಎಂದುಕೊಂಡ. ಮೊದಲು ಅವನ ತಲೆಯ ಮೇಲೆ ಕಲ್ಲು ಬೀಳಿಸಿದ. ತಲೆ ಬಾತಿತು, ಅಷ್ಟೇ. ತಲೆಬುರುಡೆಯೆಂಬ ಎಲುಬಿನ ಕೋಟೆ ಬಿರುಕು ಬಿಡಲಿಲ್ಲ. ಆಮೇಲೆ ಮಾಯದ ಕುದುರೆಯಾಗಿ ಅವನನ್ನು ಹೊತ್ತೊಯ್ದು ಕೆಡವಿದ. ಕೋಟೆಯೊಳಗೆ ಮೂರು ಪೊರೆ, ಪೊರೆಗಳ ನಡುವೆ ತಿಳಿನೀರು. ಮಿದುಳು ಆ ನೀರಿನಲ್ಲಿ ತೇಲಿ, ಗೋಡೆಗೆ ಬಡಿಯದೆ ಉಳಿಯಿತು. ಮೂರನೆಯ ಸಲ ಹಾಲಿಗೆ ವಿಷ ಬೆರೆಸಿದ. ವಿಷ ರಕ್ತದ ಹಾದಿ ಹಿಡಿದು ಮಿದುಳಿನ ಬಾಗಿಲ ತನಕ ಹೋಯಿತು. ಅಲ್ಲಿ ಒತ್ತೊತ್ತಾಗಿ ನಿಂತಿದ್ದ ಕಾವಲುಗಾರರು ಮಿಸುಕಲಿಲ್ಲ. ಮಿದುಳಿನ ಊಟ ಸಕ್ಕರೆ; ಅದಕ್ಕೆ ಮಾತ್ರ ಅವರು ದಾರಿ ಬಿಡುತ್ತಿದ್ದರು.

ಇದು ಮಬ್ಬುಗನಿಗೆ ತಿಳಿದುಹೋಯಿತು.

ನಿಂಬವ್ವನ ಮರದ ಅಚ್ಚು ಅವಳ ಅಜ್ಜಿಯ ಕಾಲದ್ದು. ಅದರೊಳಗೆ ಮೂರು ಸಲ ಉಸಿರು ಬಿಟ್ಟವರು ಸಕ್ಕರೆಯಾಗುತ್ತಿದ್ದರು. ಮಂತ್ರ ಬಲ್ಲವರ ಹೊರತು ಯಾರೂ ಮೊದಲಿನಂತೆ ಆಗುತ್ತಿರಲಿಲ್ಲ. ಅದಕ್ಕೇ ಗೊಂಬೆ ಎರೆದ ಕೂಡಲೇ ಅಚ್ಚಿಗೆ ನೂಲು ಸುತ್ತಿ ಕಟ್ಟುವುದು ಅವರ ಮನೆಯ ಪದ್ಧತಿ. ಆ ಸಂಕ್ರಾಂತಿ ಬೊಮ್ಮರಸ "ಗೊಂಬಿ ಕೊಡು, ಗೊಂಬಿ ಕೊಡು" ಎಂದು ಬೆನ್ನು ಹತ್ತಿದ. ನಿಂಬವ್ವ ನಗುತ್ತ ನೂಲು ಮರೆತಳು. ಅಷ್ಟು ಸಾಕಾಯಿತು. ಮಬ್ಬುಗ ಅಚ್ಚಿನೊಳಗೆ ಮೂರು ಸಲ ಉಸಿರು ಬಿಟ್ಟು, ಗೊಂಬೆಯಾಗಿ ತಟ್ಟೆಯಲ್ಲಿ ಕೂತ. ಅವಳೇ ಕೈಯಾರೆ ಅವನನ್ನು ಎತ್ತಿ ಬೊಮ್ಮರಸನಿಗೆ ತಿನ್ನಲು ಕೊಟ್ಟಳು.

ಕಾವಲು ದಾಟಿದ ಮಬ್ಬುಗ ಕರಿಹುಳುವಾಗಿ ಮಿದುಳು ಕೊರೆಯತೊಡಗಿದ. ಸಂಜೆಗೆ ಬೊಮ್ಮರಸ ತಾಯಿಯ ಹೆಸರು ಮರೆತ. ಮೂರನೆಯ ದಿನ ಕಣ್ಣು ತೆರೆಯಲಿಲ್ಲ.

ವೈದ್ಯರು ಹಾಲಿನಲ್ಲಿ ಮದ್ದು ಕೊಟ್ಟರು, ಜೇನಿನಲ್ಲಿ ಕೊಟ್ಟರು, ಸಕ್ಕರೆಯಲ್ಲೂ ಬೆರೆಸಿ ಕೊಟ್ಟರು. ಏನೂ ಆಗಲಿಲ್ಲ. ನಿಂಬವ್ವ ಅವನ ತಲೆಗೆ ಕಿವಿಯಿಟ್ಟಳು. ಒಳಗೆ ಒಬ್ಬ ಕಾವಲುಗಾರ ಮದ್ದನ್ನು ಹೆಕ್ಕಿ ಆಚೆ ತಳ್ಳುತ್ತಿದ್ದ.

"ಅದು ಮದ್ದೋ ತಮ್ಮಾ, ಒಳಗ ಬಿಡು!"

"ಆಗಂಗಿಲ್ಲವ್ವಾ. ವಿಷಾನೂ ಹಂಗ ಹೇಳಿತ್ತು. ಸಕ್ರಿಗಷ್ಟ ಬಾಗಲಾ."

"ನಿನ್ನ ಒಡೆಯಾ ಸಾಯಾಕತ್ತಾನೋ!"

"ಗೊತ್ತೈತಿ," ಎಂದು ಕಾವಲುಗಾರ ಅತ್ತ. "ಬಾಗಲಾ ಕಾಯೋದು ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ಲ."

ಅವನನ್ನು ಬೈಯುವುದಾದರೂ ಹೇಗೆ? ಪಾಪ, ತನ್ನ ಕೆಲಸ ಮಾಡುತ್ತಿದ್ದ.

ನಿಂಬವ್ವ ಮದ್ದನ್ನು ತಾನೇ ನುಂಗಿದಳು. ಅಚ್ಚನ್ನು ರಾಣಿಯ ಮುಂದೆ ಇಟ್ಟಳು.

"ಅವ್ವಾರ, ಕೇಡು ಸಕ್ರಿ ಆಗಿ ಒಳಗ ಹೋತು. ನನ್ನ ಹೊಟ್ಟ್ಯಾಗಿನ ಮದ್ದೂ ಹಂಗ ಸಕ್ರಿ ಆಗಿ ಹೋಗಲಿ. ನಾ ಗೊಂಬಿ ಆದಮ್ಯಾಲೆ ಬಿಸಿನೀರಾಗ ಕದಡಿ ಕುಡಸ್ರಿ."

"ನಿನ್ನ ಹೆಂಗ ಕದಡ್ಲಿ ನಿಂಬವ್ವಾ?"

"ನೂಲು ಮರತಾಕಿ ನಾನರೀ. ತಡಾ ಮಾಡಬ್ಯಾಡ್ರಿ."

ಮೊದಲ ಉಸಿರಿಗೆ ಅವಳ ಕಾಲು ಬೆಳ್ಳಗಾದವು. ಎರಡನೆಯ ಉಸಿರಿಗೆ ಎದೆ ಬೆಳ್ಳಗಾಯಿತು. ಮೂರನೆಯ ಉಸಿರು ಬಿಡುವ ಮುನ್ನ ಬೊಮ್ಮರಸನ ಹಣೆ ಸವರಿದಳು. ಆಮೇಲೆ ಅಲ್ಲಿ ಗೇಣುದ್ದದ ಗೊಂಬೆಯೊಂದು ಉಳಿಯಿತು. ರಾಣಿ ಅಳುತ್ತ ಅಳುತ್ತ ಕದಡಿ, ಮಗನಿಗೆ ಗುಟುಕು ಗುಟುಕಾಗಿ ಕುಡಿಸಿದಳು.

ಸಕ್ಕರೆ ಬಂತೆಂದು ಕಾವಲುಗಾರರು ದಾರಿ ಬಿಟ್ಟರು. ಒಬ್ಬನಿಗೆ ಮಾತ್ರ ಅವಳ ಗುರುತು ಹತ್ತಿತು. ಅವನು ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಮದ್ದು ತಾಕಿದ ಕೂಡಲೇ ಕರಿಹುಳು ಸುಟ್ಟು ಬೂದಿಯಾಯಿತು.

ಬೆಳಗಾಗುತ್ತಲೇ ಬೊಮ್ಮರಸ ಕಣ್ಣು ತೆರೆದ.

"ಅವ್ವಾ, ಬಾಯೆಲ್ಲಾ ಸಿಹಿ ಆಗೇತಿ. ನಿಂಬವ್ವ ಗೊಂಬಿ ಕೊಟ್ಟಳೇನು? ಎಲ್ಲಿದಾಳ ಆಕಿ?"

ರಾಣಿ ಆ ಅಚ್ಚನ್ನು ಮಗನ ಕೈಗಿಟ್ಟು, ನಡೆದದ್ದನ್ನೆಲ್ಲ ಹೇಳಿದಳು.

ಹೊಂಗಲದಲ್ಲಿ ಕಾಲಕಾಲಕ್ಕೆ ಮಳೆಯಾಯಿತು, ಬೆಳೆಯಾಯಿತು. ಬೊಮ್ಮರಸ ದೊರೆಯಾದ, ಜನ ಸುಖವಾಗಿದ್ದರು. ಪ್ರತಿ ಸಂಕ್ರಾಂತಿಗೂ ಅವನು ತಾನೇ ಗೊಂಬೆ ಎರೆದು, ಅಚ್ಚಿಗೆ ನೂಲು ಸುತ್ತಿ, ಮಕ್ಕಳಿಗೆಲ್ಲ ಹಂಚುತ್ತಿದ್ದ. ತನ್ನ ಪಾಲಿನ ಗೊಂಬೆಯನ್ನು ಕಾಲಿನಿಂದ ತಿನ್ನುತ್ತ ಬರುತ್ತಿದ್ದ. ತಲೆಯನ್ನು ಮಾತ್ರ ಅವನು ಬದುಕಿರುವ ತನಕ ಒಂದು ದಿನವೂ ತಿನ್ನಲಿಲ್ಲ.